ಮನೆಯ ಫೈಲ್ ಸರ್ವರ್‌ಗೆ ದೊಡ್ಡ ಕ್ಯಾಬಿನೆಟ್: ಕೊಳ್ಳುವ ಮುನ್ನ ಏನೇನು ನೋಡಬೇಕು

ಮನೆಯಲ್ಲೇ ಫೈಲ್ ಸರ್ವರ್, ಅಂದರೆ ಮನೆಯವರೆಲ್ಲರ ಕಡತಗಳನ್ನು ಒಂದೆಡೆ ಇಡುವ ಕಂಪ್ಯೂಟರ್, ಕಟ್ಟಲು ಹೊರಟವರು ಪ್ರೊಸೆಸರ್ ಬಗ್ಗೆ ವಾರಗಟ್ಟಲೆ ಓದುತ್ತಾರೆ, ಹಾರ್ಡ್ ಡಿಸ್ಕ್ ಬಗ್ಗೆ ಹತ್ತು ಜನರನ್ನು ವಿಚಾರಿಸುತ್ತಾರೆ. ಕ್ಯಾಬಿನೆಟ್ ಮಾತ್ರ ಅಂಗಡಿಯವರು ಕೈಗೆ ಕೊಟ್ಟದ್ದನ್ನೇ ಹೊತ್ತು ತರುತ್ತಾರೆ. ಅಷ್ಟು ಉದಾಸೀನ ಸಲ್ಲದು. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಎಂಬ ಮದರ್‌ಬೋರ್ಡ್ ಅಳತೆ ಇವತ್ತಿಗೂ ಚಾಲ್ತಿಯಲ್ಲಿರುವುದರಿಂದ, ಹದಿನೈದು ವರ್ಷ ಹಳೆಯ ಗಟ್ಟಿ ಕ್ಯಾಬಿನೆಟ್‌ಗೆ ಈ ವರ್ಷದ ಮದರ್‌ಬೋರ್ಡ್ ಸಲೀಸಾಗಿ ಕೂರುತ್ತದೆ. ಬೋರ್ಡ್ ಬದಲಾಗುತ್ತದೆ, ಡಿಸ್ಕ್ ಕೆಡುತ್ತದೆ, ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಸುಡುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಸರ್ವರ್‌ನಲ್ಲಿ ಅತಿ ಹೆಚ್ಚು ಕಾಲ ಬಾಳುವ ಭಾಗ ಅದೇ.

ಎರಡು ಗುಣಗಳನ್ನು ಮೊದಲು ನೋಡಿ, ಉಳಿದದ್ದೆಲ್ಲ ಆಮೇಲೆ. ಒಂದು, ಪ್ರತಿಯೊಂದು ಡಿಸ್ಕಿನ ಪಕ್ಕದಲ್ಲೂ ಗಾಳಿ ಹರಿಯಬೇಕು. ಎರಡು, ಕೆಟ್ಟ ಡಿಸ್ಕನ್ನು ಬೇರೆ ಯಾವುದನ್ನೂ ಅಲುಗಿಸದೆ ಹೊರತೆಗೆಯಲು ಬರಬೇಕು. ಈ ಎರಡಿಲ್ಲದ ಪೆಟ್ಟಿಗೆ ಎಷ್ಟೇ ದೊಡ್ಡದಿದ್ದರೂ, ಎಷ್ಟೇ ಚೆಂದವಿದ್ದರೂ ಈ ಕೆಲಸಕ್ಕೆ ಬೇಡ.

ಮೊದಲು ಡಿಸ್ಕುಗಳ ಲೆಕ್ಕ

ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಫೋಟೋ, ವಿಡಿಯೋ, ಕಚೇರಿ ಕಡತ, ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲ ಸೇರಿ ಈಗ 5 ಟಿಬಿ ಇದೆ ಎಂದುಕೊಳ್ಳಿ. ವರ್ಷಕ್ಕೆ ಒಂದೂವರೆ ಟಿಬಿ ಬೆಳೆದರೆ ಹತ್ತು ವರ್ಷಕ್ಕೆ 20 ಟಿಬಿ. ಎಲ್ಲ ಡಿಸ್ಕುಗಳನ್ನು ಸೇರಿಸಿ ಕಟ್ಟಿದ ಒಟ್ಟು ಜಾಗ, ಅಂದರೆ ಪೂಲ್, ಭರ್ತಿಯಾದಷ್ಟೂ ನಿಧಾನವಾಗುತ್ತದೆ, ಆದ್ದರಿಂದ ಎಂಬತ್ತು ಶೇಕಡಾಕ್ಕಿಂತ ಹೆಚ್ಚು ತುಂಬದಂತೆ ನೋಡಿಕೊಂಡರೆ 25 ಟಿಬಿ ಜಾಗ ಬೇಕು. ಎರಡು ಡಿಸ್ಕ್ ಒಟ್ಟಿಗೆ ಹೋದರೂ ಮಾಹಿತಿ ಉಳಿಯುವಂತೆ ಆರು 8 ಟಿಬಿ ಡಿಸ್ಕುಗಳನ್ನು ಜೋಡಿಸಿದರೆ ಬಳಕೆಗೆ ಸಿಗುವುದು 32 ಟಿಬಿ. ಕಂಪ್ಯೂಟರ್ ತನ್ನ ಎಣಿಕೆಯಲ್ಲಿ ಅದನ್ನು 29ರ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ.

ಆರು ಡಿಸ್ಕ್ ಎಂದಾಕ್ಷಣ ಆರು ಜಾಗದ ಪೆಟ್ಟಿಗೆ ಕೊಳ್ಳಬೇಡಿ. ಸೊರಗುತ್ತಿರುವ ಡಿಸ್ಕ್ ಇನ್ನೂ ಓಡುತ್ತಿರುವಾಗಲೇ ಹೊಸದನ್ನು ಪಕ್ಕದಲ್ಲಿ ಕೂರಿಸಿ ಬದಲಾಯಿಸುವುದು ಹಳೆಯದನ್ನು ಮೊದಲೇ ಕಿತ್ತು ಹಾಕುವುದಕ್ಕಿಂತ ಎಷ್ಟೋ ಕ್ಷೇಮ. ಅದಕ್ಕೊಂದು ಖಾಲಿ ಜಾಗ ಬೇಕು. ಮುಂದೆ ಒಂದು ಡಿಸ್ಕ್ ಸೇರಿಸಲು ಇನ್ನೊಂದು. 2025ರ ಜನವರಿಯಲ್ಲಿ ಬಂದ ಓಪನ್‌ಝೆಡ್‌ಎಫ್‌ಎಸ್ 2.3 ಎಂಬ ಡಿಸ್ಕ್ ನಿರ್ವಹಣೆಯ ತಂತ್ರಾಂಶದಿಂದ, ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಸುವ ಅದರ ರೇಡ್‌ಝೆಡ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸಿ ಬೆಳೆಸಲು ಸಾಧ್ಯವಾಗಿದೆ. ಹಾಗಾಗಿ ಖಾಲಿ ಜಾಗಕ್ಕೆ ಈಗ ಮೊದಲಿಗಿಂತ ಹೆಚ್ಚು ಬೆಲೆ. ಈ ಮನೆಗೆ ಎಂಟು ಜಾಗದ ಕ್ಯಾಬಿನೆಟ್ ಸರಿ. ಆಪರೇಟಿಂಗ್ ಸಿಸ್ಟಂ ಇರುವ ಎಸ್‌ಎಸ್‌ಡಿ ಎಲ್ಲಾದರೂ ಕೂರುತ್ತದೆ, ಅದನ್ನು ಎಣಿಸಬೇಕಿಲ್ಲ.

ಹದಿನೈದು, ಹದಿನೆಂಟು ಜಾಗ ಬೇಕೇ ಎಂದು ಕೇಳುವವರಿಗೆ ಒಂದು ಮಾತು. 16 ಟಿಬಿಯ ನಾಲ್ಕು ಡಿಸ್ಕುಗಳೂ ಇದೇ ಎರಡರ ರಕ್ಷಣೆಯೊಂದಿಗೆ ಅದೇ 32 ಟಿಬಿ ಕೊಡುತ್ತವೆ. ಡಿಸ್ಕ್ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು. ಸುಮ್ಮನೆ ತಿರುಗುತ್ತಿರುವ ಒಂದು ಡಿಸ್ಕಿಗೆ 5 ವಾಟ್ ಹಿಡಿದರೂ ಎಂಟಕ್ಕೆ 40 ವಾಟ್, ತಿಂಗಳಿಗೆ ಸುಮಾರು 29 ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ 175 ರೂಪಾಯಿ, ಅದೂ ಬೋರ್ಡ್, ಫ್ಯಾನ್ ಬಿಟ್ಟು. ಗೃಹಜ್ಯೋತಿ ಪಡೆಯುವ ಮನೆಯಾದರೆ ಇದನ್ನು ಇನ್ನೂ ಎಚ್ಚರದಿಂದ ನೋಡಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

"ಹದಿನೆಂಟರವರೆಗೆ" ಎಂದರೆ ಎಷ್ಟು?

ಕ್ಯಾಬಿನೆಟ್ ಡಬ್ಬದ ಮೇಲೆ ಬರೆದ ಡಿಸ್ಕುಗಳ ಸಂಖ್ಯೆ ಒಂದು, ಡಬ್ಬದೊಳಗೆ ಸಿಗುವ, ಡಿಸ್ಕ್ ಕೂರಿಸುವ ಟ್ರೇಗಳ ಸಂಖ್ಯೆ ಇನ್ನೊಂದು. ಫ್ರ್ಯಾಕ್ಟಲ್ ಡಿಸೈನ್‌ನ ಡಿಫೈನ್ 7 ಎಕ್ಸ್‌ಎಲ್ ಒಳ್ಳೆಯ ಉದಾಹರಣೆ. 18 ಡಿಸ್ಕ್ ಹಿಡಿಸುವ ಅದರ ಜೊತೆಗೆ ಬರುವುದು ಆರು ಟ್ರೇ. ಉಳಿದವನ್ನು ಬೇರೆಯಾಗಿ ಕೊಳ್ಳಬೇಕು. ಅದು ಮೋಸವಲ್ಲ, ಕಂಪನಿ ಸ್ಪಷ್ಟವಾಗಿಯೇ ಬರೆದಿರುತ್ತದೆ. ಓದದೆ ಕೊಂಡರೆ ಮಾತ್ರ ಕಷ್ಟ, ಏಕೆಂದರೆ ನಮ್ಮಲ್ಲಿ ಕ್ಯಾಬಿನೆಟ್ ಸಿಗುವಷ್ಟು ಸುಲಭವಾಗಿ ಬಿಡಿ ಟ್ರೇ ಸಿಗುವುದಿಲ್ಲ. ಬೇಕಾದ ಟ್ರೇಗಳನ್ನು ಕ್ಯಾಬಿನೆಟ್ ಜೊತೆಯಲ್ಲೇ ತರಿಸಿಕೊಳ್ಳಿ. ಐದು ವರ್ಷ ಬಿಟ್ಟು ಹುಡುಕುವಾಗ ಆ ಮಾದರಿಯೇ ನಿಂತುಹೋಗಿರಬಹುದು.

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ಸಾಲುಸಾಲು ಕಾಣುವುದು ಗಾಜಿನ ಬದಿಯ, ಬಣ್ಣದ ದೀಪದ ಗೇಮಿಂಗ್ ಕ್ಯಾಬಿನೆಟ್‌ಗಳು. ನೋಡಲು ದೊಡ್ಡವು, ಒಳಗೆ ಎಸ್‌ಎಂಪಿಎಸ್ ಪಕ್ಕದ ಮುಚ್ಚಿದ ಮೂಲೆಯಲ್ಲಿ ಎರಡೇ ಎರಡು ಡಿಸ್ಕಿಗೆ ಜಾಗ. ಅಂಗಡಿಯವರಿಗೆ "ದೊಡ್ಡ ಕ್ಯಾಬಿನೆಟ್" ಎನ್ನಬೇಡಿ. "ಮೂರೂವರೆ ಇಂಚಿನ ಡಿಸ್ಕ್ ಎಂಟು ಕೂರಬೇಕು" ಎನ್ನಿ. ಮಾತು ಅಲ್ಲಿಂದ ಸರಿದಾರಿಗೆ ಬರುತ್ತದೆ.

ಗಾಳಿಯ ದಾರಿ

ಈ ಭಾಗವನ್ನು ನಿಧಾನವಾಗಿ ಓದಿ. ಉಳಿದ ತಪ್ಪುಗಳನ್ನು ಆಮೇಲೆ ತಿದ್ದಬಹುದು, ಗಾಳಿಯೇ ಹರಿಯದ ಪೆಟ್ಟಿಗೆಯನ್ನು ತಿದ್ದುವುದು ಕಷ್ಟ.

ಮೂರೂವರೆ ಇಂಚಿನ ಡಿಸ್ಕ್ 26 ಮಿಲಿಮೀಟರ್ ದಪ್ಪ. ಒಂದರ ಮೇಲೊಂದು ಇಡುವಾಗ ನಡುವೆ ಹತ್ತು ಮಿಲಿಮೀಟರ್ ಆದರೂ ಸಂದು ಇರುವ ಪಂಜರ ಆರಿಸಿ. ಆ ಪಂಜರದ ನೇರ ಮುಂದೆ 120 ಅಥವಾ 140 ಮಿಲಿಮೀಟರ್ ಫ್ಯಾನ್ ಕೂರಬೇಕು, ಮತ್ತು ಫ್ಯಾನ್‌ಗೂ ಡಿಸ್ಕಿಗೂ ನಡುವೆ ಗಟ್ಟಿ ತಗಡು ಇರಬಾರದು. ಕೆಲವು ಕ್ಯಾಬಿನೆಟ್‌ಗಳ ಡಿಸ್ಕ್ ಪಂಜರದ ಪಕ್ಕೆಗೆ ಬೆರಳಗಲದ ನಾಲ್ಕು ತೂತು ಬಿಟ್ಟರೆ ಬೇರೇನೂ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಗಾಳಿ ಸುತ್ತು ಬಳಸಿ ಹೋಗುತ್ತದೆ, ಡಿಸ್ಕ್ ಕಾಯುತ್ತಲೇ ಇರುತ್ತದೆ. ಹಿಂದುಗಡೆಯೂ ಅಷ್ಟೇ ಮುಖ್ಯ. ಬಿಸಿ ಗಾಳಿ ಹೊರಬೀಳುವ ಕಡೆ ವೈರುಗಳ ಗಂಟು ಅಡ್ಡ ಬಂದರೆ ಮುಂದಿನ ಫ್ಯಾನ್‌ನ ದುಡಿಮೆ ವ್ಯರ್ಥ.

ಎಷ್ಟು ಬಿಸಿ ಸಹ್ಯ? ಗೂಗಲ್‌ನ ಎಂಜಿನಿಯರುಗಳು ತಮ್ಮ ಡೇಟಾ ಸೆಂಟರ್ ಡಿಸ್ಕುಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಲ್ಲರೂ ನಂಬಿದ್ದಷ್ಟು ನೇರ ಸಂಬಂಧ ಕಾಣಲಿಲ್ಲ. ತೀರಾ ತಂಪಾಗಿದ್ದ ಡಿಸ್ಕುಗಳೂ ಹೆಚ್ಚು ಕೆಟ್ಟಿದ್ದವು. ಆದರೆ ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ ಹೆಚ್ಚಿನ ಶಾಖದ ಏಟು ಎದ್ದು ಕಂಡಿತು. ಮನೆಯಲ್ಲಿ ನಾವು ಡಿಸ್ಕನ್ನು ಐದಾರು ವರ್ಷ ಓಡಿಸುವವರು, ಹಾಗಾಗಿ ಆ ಕೊನೆಯ ಮಾತು ನಮಗೇ ಹೇಳಿದ್ದು. 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ನಿಶ್ಚಿಂತೆ, 45 ದಾಟಿದರೆ ಏನಾದರೂ ಮಾಡಬೇಕು, 50 ಎಂದರೆ ಆ ಕ್ಯಾಬಿನೆಟ್‌ನಲ್ಲಿ ಏನೋ ಸರಿಯಿಲ್ಲ. ನಾನು ಇಟ್ಟುಕೊಂಡಿರುವ ಗೆರೆ ಇದು.

ಈಗ ಕೋಣೆಯ ಬಿಸಿ ಸೇರಿಸಿ. ಡಿಸ್ಕ್ ಎಂದಿಗೂ ಕೋಣೆಗಿಂತ ತಂಪಾಗಿರಲಾರದು. ಒಳ್ಳೆಯ ಗಾಳಿಯಿದ್ದರೂ ಕೋಣೆಗಿಂತ ಎಂಟು ಹತ್ತು ಡಿಗ್ರಿ ಮೇಲೆಯೇ ಇರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಸದ್ದು ತಡೆಯುವ ಸ್ಪಂಜಿನ ಬಾಗಿಲಿರುವ ಕ್ಯಾಬಿನೆಟ್ ಹೇಗೋ ನಡೆದೀತು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕೋಣೆಯೇ 36, 38 ಡಿಗ್ರಿ ಇರುವಾಗ ಅಂಥ ಬಾಗಿಲು ಬೇಡವೇ ಬೇಡ. ಮುಂಭಾಗ ಪೂರ್ತಿ ಜಾಲರಿ ಇರುವುದನ್ನೇ ತನ್ನಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೆ ಜಾಲರಿಯಿದ್ದರೂ ಸದ್ದು ದೊಡ್ಡದೇನಲ್ಲ.

ಕೊಂಡ ಮೇಲೆ ಒಂದು ಸುಲಭದ ಪರೀಕ್ಷೆ ಮಾಡಿ. ಎಲ್ಲ ಡಿಸ್ಕ್ ಕೂರಿಸಿ, ಬದಿಯ ತಗಡು ಮುಚ್ಚಿ, ಫ್ಯಾನ್ ಓಡಿಸಿ, ಒಂದು ಊದುಬತ್ತಿ ಹಚ್ಚಿ ಮುಂಭಾಗದ ಜಾಲರಿಯ ಬಳಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಹೋಗಬೇಕು. ಕೆಳಗಿನ ಡಿಸ್ಕಿನ ಎದುರು ಹೊಗೆ ನೆಟ್ಟಗೆ ಮೇಲೇರಿದರೆ ಅಲ್ಲಿ ಗಾಳಿಯಿಲ್ಲ. ಆಗ ಖಾಲಿ ಇರುವ ಟ್ರೇ ಜಾಗಗಳನ್ನು, ಸಿಡಿ ಡ್ರೈವ್ ಕೂರಿಸುವ ಐದೂಕಾಲು ಇಂಚಿನ ಜಾಗಗಳನ್ನು (ಬೇಗಳನ್ನು), ಪಂಜರದ ಪಕ್ಕದ ಸಂದುಗಳನ್ನು ದಪ್ಪ ರಟ್ಟಿನಿಂದ ಮುಚ್ಚಿ. ಸುಲಭದ ದಾರಿ ಮುಚ್ಚಿದರೆ ಗಾಳಿ ಡಿಸ್ಕುಗಳ ನಡುವಿನ ಕಷ್ಟದ ದಾರಿ ಹಿಡಿಯುತ್ತದೆ. ಕಾಸಿಲ್ಲದ ಈ ರಟ್ಟಿನ ಕೆಲಸದಿಂದ ಹೊಸ ಫ್ಯಾನ್ ಕೊಳ್ಳುವುದು ಎಷ್ಟೋ ಸಲ ತಪ್ಪುತ್ತದೆ.

ಮದರ್‌ಬೋರ್ಡ್ ಫ್ಯಾನ್ ವೇಗವನ್ನು ಪ್ರೊಸೆಸರ್ ಬಿಸಿ ನೋಡಿ ನಿಯಂತ್ರಿಸುತ್ತದೆ, ಡಿಸ್ಕಿನ ಬಿಸಿ ಅದಕ್ಕೆ ಕಾಣುವುದಿಲ್ಲ. ಫೈಲ್ ಸರ್ವರ್‌ನಲ್ಲಿ ಪ್ರೊಸೆಸರ್ ತಣ್ಣಗೆ ಕೂತಿರುತ್ತದೆ, ಡಿಸ್ಕುಗಳು ರಾತ್ರಿಯಿಡೀ ಓದುತ್ತಿರುತ್ತವೆ. ಆದ್ದರಿಂದ ಮುಂದಿನ ಫ್ಯಾನ್‌ಗಳಿಗೆ ಬಯಾಸ್‌ನಲ್ಲಿ ಸ್ಥಿರ ವೇಗ ಕೊಟ್ಟುಬಿಡಿ.

ಧೂಳು ಮತ್ತು ಹುಳಹುಪ್ಪಟೆ

ಧೂಳಿನ ಫಿಲ್ಟರ್ ಮುಂದಿನಿಂದಲೇ ಜಾರಿಸಿ ತೆಗೆಯುವಂತಿರಬೇಕು. ಇಪ್ಪತ್ತು ಕೆಜಿಯ ಪೆಟ್ಟಿಗೆಯನ್ನು ಎಳೆದು, ಹಿಂದಿನಿಂದ ಫಿಲ್ಟರ್ ಬಿಡಿಸಬೇಕಾದರೆ ಅದನ್ನು ಯಾರೂ ತೊಳೆಯುವುದಿಲ್ಲ. ಒಳಗೆ ತಳ್ಳುವ ಫ್ಯಾನ್‌ಗಳು ಹೊರಗೆ ತಳ್ಳುವುದಕ್ಕಿಂತ ಹೆಚ್ಚಿದ್ದರೆ ಸಂದುಗೊಂದುಗಳಿಂದ ಧೂಳು ಒಳನುಗ್ಗುವುದು ಕಡಿಮೆ. ಹಿಂದಿನ ಕಾರ್ಡ್ ಜಾಗಗಳ ತಗಡಿನ ಪಟ್ಟಿಗಳು ಎಲ್ಲವೂ ಇವೆಯೇ ನೋಡಿ. ಹಲ್ಲಿಗೂ ಇರುವೆಗೂ ಬೆಚ್ಚಗಿನ ಮೂಲೆ ಎಂದರೆ ಪ್ರಾಣ, ತೆರೆದ ಒಂದು ಜಾಗ ಅವಕ್ಕೆ ಸಾಕು. ಕರಾವಳಿಯವರು ಬಣ್ಣ ಬಳಿಯದ ಕತ್ತರಿಸಿದ ಅಂಚುಗಳನ್ನೂ ಗಮನಿಸಿ. ಉಪ್ಪುಗಾಳಿಗೆ ತುಕ್ಕು ಮೊದಲು ಹಿಡಿಯುವುದು ಅಲ್ಲಿ.

ಡಿಸ್ಕ್ ಕೂರುವ ಬಗೆ

ಟ್ರೇಯ ತೂತುಗಳನ್ನು ಪರೀಕ್ಷಿಸಿ. ಹಳೆಯ ಡಿಸ್ಕುಗಳ ತಳದಲ್ಲಿ ತಿರುಪಿನ ತೂತುಗಳ ನಡುವಿನ ಅಂತರ 44.45 ಮಿಲಿಮೀಟರ್. ಹೆಚ್ಚು ಸಾಮರ್ಥ್ಯದ ಹೊಸ ಡಿಸ್ಕುಗಳಲ್ಲಿ ಒಂದು ಜೊತೆ ತೂತು ಜರುಗಿ 76.2 ಮಿಲಿಮೀಟರ್ ಆಗಿದೆ. ಹಳೆಯ ಕ್ಯಾಬಿನೆಟ್ ಟ್ರೇಗೆ ಹೊಸ 12 ಟಿಬಿ ಡಿಸ್ಕ್ ಹಾಕಿದಾಗ ನಾಲ್ಕರ ಬದಲು ಎರಡೇ ತಿರುಪು ಕೂರುವುದಕ್ಕೆ ಕಾರಣ ಇದೇ. ಪಕ್ಕದ ತೂತಿನಿಂದ ಬಿಗಿಯುವ ಟ್ರೇ ಆದರೆ ಈ ತಾಪತ್ರಯ ಕಡಿಮೆ. ತಿರುಪುಗಳಲ್ಲೂ ಅವುಗಳ ಮರೆಯ, ಅಂದರೆ ಸುರುಳಿ ಗೆರೆಯ, ಲೆಕ್ಕದಲ್ಲಿ ಎರಡು ಜಾತಿ. ಮೂರೂವರೆ ಇಂಚಿನ ಡಿಸ್ಕಿಗೆ ದಪ್ಪ ಮರೆಯದ್ದು, ಎಸ್‌ಎಸ್‌ಡಿಗೆ ಸಣ್ಣ ಮರೆಯದ್ದು. ಅದಲುಬದಲು ಮಾಡಿ ಬಲವಂತದಿಂದ ತಿರುಗಿಸಿದರೆ ಡಿಸ್ಕಿನ ಮರೆ ಹೋಗುತ್ತದೆ.

ಟ್ರೇಗೂ ಡಿಸ್ಕಿಗೂ ನಡುವೆ ರಬ್ಬರ್ ಇರಲಿ. ನಡುಕವನ್ನು ಅಲ್ಪವೆಂದು ಬಿಡಬೇಡಿ. ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಓಡುತ್ತಿರುವ ಡಿಸ್ಕುಗಳ ಎದುರು ನಿಂತು ಜೋರಾಗಿ ಕಿರುಚಿ, ಆ ಕ್ಷಣದಲ್ಲಿ ಅವುಗಳ ಪ್ರತಿಕ್ರಿಯೆ ನಿಧಾನವಾಗುವುದನ್ನು ಪರದೆಯ ಮೇಲೆ ತೋರಿಸಿದರು. ಬರೀ ಧ್ವನಿಗೇ ಹೀಗಾದರೆ, ಒಂದೇ ತೆಳು ತಗಡಿಗೆ ಬಿಗಿದ ಎಂಟು ಡಿಸ್ಕುಗಳು ಪರಸ್ಪರ ಅಲುಗಿಸುವುದನ್ನು ಯೋಚಿಸಿ. ಅಂಗಡಿಯಲ್ಲಿ ಪಂಜರವನ್ನು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿ. ಬಾಗಿದರೆ ಬೇಡ. ಡಬ್ಲ್ಯೂಡಿ ರೆಡ್ ಪ್ಲಸ್‌ನಂಥ ಡಿಸ್ಕುಗಳನ್ನು ಎಂಟು ಡಿಸ್ಕುಗಳ ಪೆಟ್ಟಿಗೆಯವರೆಗೆ ಎಂದು ತಯಾರಕರೇ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಗುಂಪು ಕಟ್ಟುವವರು ಪ್ರೊ ಸಾಲಿನ ಡಿಸ್ಕುಗಳಿಗೆ ದುಡ್ಡು ಎತ್ತಿಡಬೇಕು.

ಸರ್ವರ್ ಆರಿಸದೆಯೇ ಡಿಸ್ಕನ್ನು ಮುಂದಿನಿಂದ ಎಳೆದು ತೆಗೆಯುವ ಹಾಟ್‌ಸ್ವಾಪ್ ಪೆಟ್ಟಿಗೆ ಬೇಕೇ? ನನ್ನ ಉತ್ತರ, ಮನೆಗೆ ಅಷ್ಟು ಅಗತ್ಯವಿಲ್ಲ. ಮನೆಯ ಸರ್ವರನ್ನು ಹತ್ತು ನಿಮಿಷ ಆರಿಸಿದರೆ ಯಾರ ವ್ಯವಹಾರವೂ ನಿಲ್ಲುವುದಿಲ್ಲ. ಹಾಟ್‌ಸ್ವಾಪ್‌ನ ಹಿಂದಿರುವ ಸರ್ಕ್ಯೂಟ್ ಹಲಗೆ ಗಾಳಿಗೆ ಅಡ್ಡ, ಮತ್ತು ಅದೊಂದು ಕೆಟ್ಟರೆ ಅದಕ್ಕೆ ಸೇರಿದ ಎಲ್ಲ ಡಿಸ್ಕುಗಳೂ ಒಟ್ಟಿಗೆ ಮಾಯ. ಅದಕ್ಕಿಂತ ಮುಖ್ಯವಾದ ಕೆಲಸಕ್ಕೆ ಖರ್ಚೇ ಇಲ್ಲ. ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಬರೆದ ಚೀಟಿಯನ್ನು ಟ್ರೇಯ ಹೊರ ಅಂಚಿಗೆ ಅಂಟಿಸಿ. ಒಂದು ಡಿಸ್ಕ್ ಕೆಟ್ಟಿದೆ ಎಂದು ಸಂದೇಶ ಬಂದ ರಾತ್ರಿ, ಆತುರದಲ್ಲಿ ಒಳ್ಳೆಯ ಡಿಸ್ಕನ್ನು ಕಿತ್ತು ಇಡೀ ಗುಂಪನ್ನು ಅಪಾಯಕ್ಕೆ ಒಡ್ಡುವುದು ಹೀಗೆ ಚೀಟಿಯಿಲ್ಲದಾಗಲೇ. ಆದ್ದರಿಂದ ಅಂಚಿಗೆ ಚೀಟಿ ಅಂಟುವ, ಬದಿ ತಗಡು ತೆಗೆದರೆ ಓದಲು ಬರುವ ಟ್ರೇ ಇರುವ ಕ್ಯಾಬಿನೆಟ್ ಆರಿಸಿ.

ವೈರು, ಎಸ್‌ಎಂಪಿಎಸ್, ಅರ್ಥಿಂಗ್

ಡಿಸ್ಕ್ ಪಂಜರ ಮತ್ತು ಎಸ್‌ಎಂಪಿಎಸ್ ಎದುರುಬದುರು ಇರುವ ಕ್ಯಾಬಿನೆಟ್‌ಗಳಲ್ಲಿ ನಡುವಿನ ಅಂತರ ಅಳೆಯಿರಿ. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ 140 ಮಿಲಿಮೀಟರ್ ಉದ್ದ, ಅದರಾಚೆ ವೈರು ಬಾಗಲು ಕನಿಷ್ಠ 50 ಮಿಲಿಮೀಟರ್ ಬೇಕು. ಬದಿಯ ತಗಡಿಗೂ ಡಿಸ್ಕಿನ ಹಿಂಬದಿಗೂ ನಡುವೆ ಎರಡು ಬೆರಳಾದರೂ ಹೋಗಬೇಕು. ಇಲ್ಲದಿದ್ದರೆ ತಗಡು ಮುಚ್ಚಿದಾಗ ಡಿಸ್ಕಿಗೆ ಸಿಕ್ಕಿಸುವ ಸಾಟಾ ಕನೆಕ್ಟರ್‌ಗಳ ಮೇಲೆ ಒತ್ತಡ ಬಿದ್ದು, ಕಾರಣವೇ ತಿಳಿಯದ ದೋಷಗಳು ಶುರುವಾಗುತ್ತವೆ.

ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟಕ್ಕೆ 16 ಆಂಪಿಯರ್, ಅಂದರೆ 192 ವಾಟ್. ಒಳ್ಳೆಯ ಕಂಪನಿಯ 500 ವಾಟ್ ಎಸ್‌ಎಂಪಿಎಸ್‌ಗೆ ಇದು ಲೆಕ್ಕಕ್ಕಿಲ್ಲ, ಒಂದೇ ವೈರಿಗೆ ಎಂಟನ್ನೂ ಸಿಕ್ಕಿಸಿದರೆ ಮಾತ್ರ ಅಪಾಯ. ಒಂದು ವೈರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ ಕನೆಕ್ಟರ್‌ನಿಂದ ಸಾಟಾಕ್ಕೆ ಬದಲಿಸುವ, ಪ್ಲಾಸ್ಟಿಕ್ ಕರಗಿಸಿ ಅಚ್ಚುಹಾಕಿದ ಅಗ್ಗದ ಅಡಾಪ್ಟರ್‌ಗಳನ್ನು ದಯವಿಟ್ಟು ಬಳಸಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಂಡ ಉದಾಹರಣೆಗಳಿವೆ.

ಬೋರ್ಡಿನಲ್ಲಿ ಸಾಟಾ ಪೋರ್ಟ್ ಸಾಲದಿದ್ದರೆ ಎಲ್‌ಎಸ್‌ಐ 9211-8ಐ ತರಹದ ಹಳೆಯ ಎಚ್‌ಬಿಎ ಕಾರ್ಡ್ (ಹೆಚ್ಚುವರಿ ಡಿಸ್ಕುಗಳನ್ನು ಜೋಡಿಸುವ ಕಾರ್ಡ್) ಹಾಕಿ, ಎರಡು ಕೇಬಲ್‌ನಿಂದ ಎಂಟು ಡಿಸ್ಕ್ ಜೋಡಿಸಬಹುದು. ಆ ಕಾರ್ಡ್ ಗಾಳಿ ರಭಸವಾಗಿ ಬೀಸುವ ಸರ್ವರ್ ಪೆಟ್ಟಿಗೆಗಳಿಗಾಗಿ ಮಾಡಿದ್ದು. ಮನೆಯ ಕ್ಯಾಬಿನೆಟ್‌ನಲ್ಲಿ ಸುಡುವಷ್ಟು ಕಾಯುತ್ತದೆ, ಅದರ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನ್‌ಗೆ ಜಾಗ ನೋಡಿಕೊಳ್ಳಿ.

ಅರ್ಥಿಂಗ್ ವಿಷಯಕ್ಕೆ ಬರೋಣ. ಉಕ್ಕಿನ ದೊಡ್ಡ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೇ? ಹಳೆಯ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ, ಅರ್ಥ್ ಇಲ್ಲದ ಸಾಕೆಟ್‌ನಲ್ಲಿ ಪೆಟ್ಟಿಗೆಯ ಲೋಹ 230 ವೋಲ್ಟ್‌ನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ಅತ್ಯಲ್ಪ, ಆದರೆ ಅದು ಅರ್ಥಿಂಗ್ ಸತ್ತಿದೆ ಎಂಬ ಖಚಿತ ಸೂಚನೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸುವವರೆಗೆ ಸರ್ವರ್ ಹಚ್ಚಬೇಡಿ. ಮೂರು ಪಿನ್‌ನಲ್ಲಿ ಒಂದನ್ನು ಬಿಟ್ಟು ಸಿಕ್ಕಿಸುವ ಅಭ್ಯಾಸ ಇಲ್ಲಿ ಬೇಡ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಕ್ಯಾಬಿನೆಟ್ ಪಕ್ಕದಲ್ಲೇ ಕೂರಬೇಕು, ಆ ಜಾಗವನ್ನೂ ಈಗಲೇ ಅಳೆದುಬಿಡಿ.

ಯಾವುದನ್ನು ಕೊಳ್ಳಬಹುದು

ಎಂಟರಿಂದ ಹತ್ತು ಡಿಸ್ಕ್ ಸಾಕು ಎನ್ನುವವರಿಗೆ ಫ್ರ್ಯಾಕ್ಟಲ್ ನೋಡ್ 804 ಇದೆ. ಒಳಗೆ ಎರಡು ಕೋಣೆ, ಒಂದರಲ್ಲಿ ಬೋರ್ಡ್, ಇನ್ನೊಂದರಲ್ಲಿ ಡಿಸ್ಕುಗಳು ಮೇಲಿನಿಂದ ತೂಗುತ್ತವೆ. ಬೋರ್ಡ್ ಮಾತ್ರ ಮೈಕ್ರೋ ಎಟಿಎಕ್ಸ್, ಅಂದರೆ 244 ಮಿಲಿಮೀಟರ್ ಚೌಕದ್ದೋ ಅದಕ್ಕಿಂತ ಚಿಕ್ಕದೋ ಆಗಿರಬೇಕು. ಎತ್ತರದ ಗೋಪುರ ಬೇಕಾದರೆ ಅದೇ ಕಂಪನಿಯ ಡಿಫೈನ್ ಆರ್5. ಎಂಟು ಟ್ರೇಯೂ ಜೊತೆಗೇ ಬರುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಥಿತಿ ಚೆನ್ನಾಗಿರುವುದು ಸಿಕ್ಕರೆ ಯೋಚನೆ ಮಾಡದೆ ತನ್ನಿ. ಜಾನ್ಸ್‌ಬೋ ಎನ್5 ಹನ್ನೆರಡು ಡಿಸ್ಕುಗಳದ್ದು. 19 ಇಂಚಿನ ರ‍್ಯಾಕ್ ಪೆಟ್ಟಿಗೆಗಳಲ್ಲಿ 4ಯು ಎತ್ತರದವು, ಅಂದರೆ 178 ಮಿಲಿಮೀಟರ್‌ನವು, ಡಿಸ್ಕುಗಳಿಗೆ ಹೇಳಿ ಮಾಡಿಸಿದಂಥವು. ಸದ್ದಿನ ಕಾರಣಕ್ಕೆ ಮಲಗುವ ಕೋಣೆಗೆ ಬೇಡ.

ನನ್ನ ಮೆಚ್ಚಿನ ದಾರಿ ಇನ್ನೊಂದಿದೆ. ಹತ್ತು ಹನ್ನೆರಡು ವರ್ಷ ಹಿಂದಿನ ಹಳೆಯ ಗೋಪುರ ಕ್ಯಾಬಿನೆಟ್‌ಗಳ ಮುಂಭಾಗದಲ್ಲಿ ಸಿಡಿ ಡ್ರೈವ್‌ಗೆಂದು ಐದೂಕಾಲು ಇಂಚಿನ ಬೇಗಳು ಆರೋ ಒಂಬತ್ತೋ ಇರುತ್ತವೆ. ಮೂರು ಬೇಗಳಿಗೆ ನಾಲ್ಕು ಅಥವಾ ಐದು ಡಿಸ್ಕ್ ಹಿಡಿಸುವ, ಮುಂದೆ ಫ್ಯಾನ್ ಇರುವ ಪಂಜರಗಳು ಪ್ರತ್ಯೇಕವಾಗಿ ಸಿಗುತ್ತವೆ. ಐದಕ್ಕಿಂತ ನಾಲ್ಕರದ್ದೇ ಒಳ್ಳೆಯದು, ಸಂದು ಹೆಚ್ಚು. ಬೇಗಳ ಒಳಗೋಡೆಯಲ್ಲಿ ಚಾಚಿಕೊಂಡ ಸಣ್ಣ ತಗಡಿನ ನಾಲಿಗೆಗಳಿದ್ದರೆ ಪಂಜರ ಒಳಹೋಗುವುದಿಲ್ಲ. ಇಕ್ಕಳದಿಂದ ಅವನ್ನು ಮಡಚಬೇಕಾಗುತ್ತದೆ. ಕೊಳ್ಳುವ ಮುನ್ನ ಒಳಗೆ ಕೈ ಹಾಕಿ ನೋಡಿ.

ಹೊರದೇಶದಿಂದ ತರಿಸುವ ಯೋಚನೆ ಇದ್ದರೆ ತೂಕದ ಲೆಕ್ಕ ಮೊದಲು. ಕೊರಿಯರ್‌ನವರು ದೊಡ್ಡ ಡಬ್ಬಕ್ಕೆ ಗಾತ್ರದ ತೂಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುವುದು ಪದ್ಧತಿ. 70, 65, 35ರ ಡಬ್ಬ ಸುಮಾರು 32 ಕೆಜಿ ಆಗುತ್ತದೆ. ಸುಂಕ ಆಮೇಲೆ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲೂ ಇದು ಕೂರುವ ವಸ್ತುವಲ್ಲ.

ಇಡುವ ಜಾಗ, ಮೊದಲ ವಾರ

ಎಂಟು ಡಿಸ್ಕುಗಳೇ ಐದಾರು ಕೆಜಿ, ಪೆಟ್ಟಿಗೆ ಅದರ ಎರಡರಷ್ಟು. ಅಟ್ಟದ ಮೇಲೆ ಇಡಬೇಡಿ, ಅಲ್ಲಿ ಬಿಸಿಯೂ ಹೆಚ್ಚು. ನೆಲಕ್ಕಿಂತ ಅರ್ಧ ಅಡಿ ಎತ್ತರದ ಗಟ್ಟಿ ಮಣೆಯ ಮೇಲೆ, ಹಿಂದೆ ಒಂದು ಗೇಣು ಬಿಟ್ಟು ಇಡಿ. ನೆಲ ಒರೆಸುವ ನೀರು ತಾಗದು, ಗುಡಿಸುವ ಧೂಳೂ ಕಡಿಮೆ.

ಮಾಹಿತಿ ತುಂಬುವ ಮೊದಲು ಬ್ಯಾಡ್‌ಬ್ಲಾಕ್ಸ್ ತರಹದ ತಂತ್ರಾಂಶದಿಂದ ಎಲ್ಲ ಡಿಸ್ಕುಗಳನ್ನೂ ಒಟ್ಟಿಗೆ ಪೂರ್ತಿ ಬರೆದು ಓದಿಸಿ. ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಖಾಲಿ ಡಿಸ್ಕುಗಳಿಗೆ ಮಾತ್ರ. 8 ಟಿಬಿಗೆ ದಿನಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಆ ದಿನಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಡಿಸ್ಕಿನ ಸ್ಥಿತಿ ತಿಳಿಸುವ ಸ್ಮಾರ್ಟ್‌ಸಿಟಿಎಲ್ ತಂತ್ರಾಂಶ ಓಡಿಸಿ ಪ್ರತಿ ಡಿಸ್ಕಿನ ಬಿಸಿ ಬರೆದಿಡಿ. ಅತಿ ಬಿಸಿ ಡಿಸ್ಕಿಗೂ ಅತಿ ತಂಪು ಡಿಸ್ಕಿಗೂ ಐದಾರು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಗಾಳಿ ಸಮವಾಗಿ ಹಂಚುತ್ತಿಲ್ಲ. ರಟ್ಟನ್ನು ಸರಿಸಿ, ಫ್ಯಾನನ್ನು ಒಂದು ಜಾಗ ಕೆಳಗಿಳಿಸಿ, ಮತ್ತೆ ಅಳೆಯಿರಿ. ಕೆಡುವ ಹೊಸ ಡಿಸ್ಕ್ ಇದ್ದರೆ ಅದೂ ಈ ವಾರದಲ್ಲೇ ಬಯಲಾದೀತು, ಅಂಗಡಿಗೆ ವಾಪಸ್ ಕೊಡಲು ಆಗ ಇನ್ನೂ ಸಮಯ ಇರುತ್ತದೆ.